ಸಪಾದ ನೈವೇದ್ಯಕ್ಕೆ ಚೆನ್ನಾಗಿ ಕಳಿತ ಬಾಳೆಹಣ್ಣು

ಸತ್ಯನಾರಾಯಣ ವ್ರತದ ಕಥೆಯಲ್ಲಿ ಭಗವಂತ ನಾರದರಿಗೆ ಸಪಾದದ, ಅಂದರೆ ಎಲ್ಲವನ್ನೂ ಒಂದೂಕಾಲು ಅಳತೆಯಲ್ಲಿ ಹಾಕಿ ಮಾಡುವ ನೈವೇದ್ಯದ ಪದಾರ್ಥ ಹೇಳುವಾಗ ಮೊದಲು ಬರುವುದು ರಂಭಾಫಲ, ನಮ್ಮ ಬಾಳೆಹಣ್ಣು. ತುಪ್ಪ, ಹಾಲು, ಗೋಧಿಯ ಹುಡಿ ಎಲ್ಲ ಆಮೇಲೆ. ಗೋಧಿ ಇಲ್ಲದಿದ್ದರೆ ಅಕ್ಕಿಹಿಟ್ಟು ಆದೀತು, ಸಕ್ಕರೆಯ ಜೊತೆಗೆ ಬೆಲ್ಲದ ಮಾತೂ ಇದೆ. ಹಣ್ಣಿಗೆ ಬದಲಿ ಹೇಳಿಲ್ಲ. ಸೌದೆ ಮಾರಿ ಬದುಕುವ ಬಡವನೂ ಅಂದು ಬಂದ ದುಡ್ಡಿನಲ್ಲಿ ಕೊಂಡದ್ದು 'ಸುಪಕ್ವ'ವಾದ ಕದಲೀಫಲವನ್ನೇ. ಆದರೂ ಎಷ್ಟೋ ಮನೆಗಳಲ್ಲಿ ರವೆ, ಗೋಡಂಬಿ, ದ್ರಾಕ್ಷಿ ವಾರದ ಮೊದಲೇ ಬಂದಿರುತ್ತವೆ, ಹಣ್ಣು ಹುಣ್ಣಿಮೆಯ ಬೆಳಗ್ಗೆ ಸಿಕ್ಕಿದ್ದು.

ಪೂಜೆಗೆ ಎರಡು ಮೂರು ದಿನ ಇರುವಾಗಲೇ, ಬಲಿತು ಹಳದಿಗೆ ತಿರುಗುತ್ತಿರುವ ಏಲಕ್ಕಿ ಬಾಳೆಯ ಚಿಪ್ಪು ತಂದು ಗಾಳಿಯಾಡುವ ಕಡೆ ತೂಗುಹಾಕಿ. ಫ್ರಿಜ್‌ಗೆ ಬೇಡ, ಸಿಪ್ಪೆ ಕಪ್ಪಾಗುತ್ತದೆ, ಹಣ್ಣು ಕಳಿಯುವುದಿಲ್ಲ. ಸಿಪ್ಪೆ ತೆಳ್ಳಗಾಗಿ ಕಂದು ಚುಕ್ಕೆ ಬಿದ್ದು, ಕೋಣೆಗೆ ಕಾಲಿಟ್ಟೊಡನೆ ಘಮ ಬಂದರೆ ಹಣ್ಣು ಸಿದ್ಧ. ಮೈಯೆಲ್ಲ ಒಂದೇ ಹಳದಿ, ತೊಟ್ಟು ಮಾತ್ರ ಹಸಿರು, ಒಳಗೆ ಗಟ್ಟಿ, ವಾಸನೆಯಿಲ್ಲ ಎಂದರೆ ಅವಸರದಲ್ಲಿ ಹಣ್ಣು ಮಾಡಿದ್ದು. ಅಂಥದ್ದು ಸಪಾದದಲ್ಲಿ ಕರಗದೆ ಒಗರಾಗಿ ಉಳಿಯುತ್ತದೆ. ನಂಜನಗೂಡು ರಸಬಾಳೆ ಸಿಕ್ಕಿದರೆ ಪುಣ್ಯ. ಸೊರಗು ರೋಗ ಆ ತೋಟಗಳನ್ನು ತಿಂದುಹಾಕಿದ ಮೇಲೆ ಅದು ಅಪರೂಪವಾಗಿದೆ.

ಅಳತೆ ಎಲ್ಲಕ್ಕೂ ಒಂದೇ, ಒಂದೂಕಾಲು. ಚಿಕ್ಕ ಸಂಸಾರಕ್ಕೆ 1¼ ಲೋಟ ಚಿರೋಟಿ ರವೆ, ಅಷ್ಟೇ ತುಪ್ಪ, ಸಕ್ಕರೆ, ಹಾಲು, ಹೆಚ್ಚಿದ ಹಣ್ಣು. ಹಣ್ಣು ಐದಾರು ಬೇಕಾಗುತ್ತದೆ. ರವೆ ಅರಳಲು ಹಾಲಿನ ಜೊತೆ ಇನ್ನೊಂದು 1¼ ಲೋಟ ನೀರು ಸೇರಿಸಿ ಕುದಿಸಿಕೊಳ್ಳುವುದು ರೂಢಿ. ಅರ್ಧ ತುಪ್ಪದಲ್ಲಿ ರವೆಯನ್ನು ಸಣ್ಣ ಉರಿಯಲ್ಲಿ ಘಮ ಬರುವತನಕ ಹುರಿದು, ಬಿಸಿ ಹಾಲು ಹುಯ್ದು, ಪೂರ್ತಿ ಬೆಂದ ಮೇಲೆಯೇ ಸಕ್ಕರೆ ಹಾಕಬೇಕು. ಮೊದಲೇ ಹಾಕಿದರೆ ರವೆ ಬಿರುಸಾಗಿ ನಿಂತುಬಿಡುತ್ತದೆ. ಹಣ್ಣನ್ನು ಹೆಚ್ಚುವುದು ಕೊನೆಗೆ, ಒಲೆಯ ಪಕ್ಕದಲ್ಲೇ. ಮೊದಲೇ ಹೆಚ್ಚಿಟ್ಟರೆ ಗಾಳಿ ತಾಗಿ ಕಪ್ಪಾಗುತ್ತದೆ. ಬಿಲ್ಲೆಗಳನ್ನು ಉಳಿದ ತುಪ್ಪದಲ್ಲಿ ಒಂದು ನಿಮಿಷ ಬಾಡಿಸಿ ಬೆರೆಸಿ, ಏಲಕ್ಕಿ ಪುಡಿ ಉದುರಿಸಿ ಇಳಿಸಿ. ಕಿವುಚಿ ಹಾಕಿದರೆ ಬಣ್ಣ ಕೆಡುತ್ತದೆ. ರುಚಿ ನೋಡುವಂತಿಲ್ಲವಾದ್ದರಿಂದ ಅಳತೆಯೇ ಆಧಾರ. ಬೇಯಿಸದೆ, ಹುರಿದ ಹಿಟ್ಟಿಗೆ ಎಲ್ಲವನ್ನೂ ಕಲಸಿ ಅರ್ಪಿಸುವ ಮನೆಗಳೂ ಇವೆ. ಕಥೆಯಲ್ಲಿರುವುದೂ ಒಂದುಗೂಡಿಸಿ ನಿವೇದಿಸು ಎಂದಷ್ಟೇ.

ಕಾಯಿಯ ಜೊತೆ ಇಡುವ ಜೋಡಿ ಹಣ್ಣಿನ ತುದಿಯ ಸಿಪ್ಪೆಯನ್ನು ಸ್ವಲ್ಪ ಬಿಡಿಸಿ, ಮೇಲೆ ತುಳಸಿದಳ ಇಡಿ. ಊದುಬತ್ತಿಯನ್ನು ಆ ಹಣ್ಣಿಗೇ ಚುಚ್ಚುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಸ್ವಾಮಿಗೆ ಅರ್ಪಿಸುವ ಹಣ್ಣಿನ ಮೇಲೆ ಬೂದಿ ಉದುರಬೇಕೆ? ಬತ್ತಿಗೆ ಬೇರೆ ಗೂಡು ಇರಲಿ.

ಕಥೆಯಲ್ಲಿ ಪ್ರಸಾದ ಬಿಟ್ಟು ಓಡಿದ ವರ್ತಕನ ಮಗಳು ಕಲಾವತಿಗೆ ದಡ ಸೇರಿದ ಗಂಡನ ದೋಣಿಯೇ ಕಾಣದಾಯಿತು. ಮಂಗಳಾರತಿ ಮುಗಿಯುತ್ತಲೇ ಏಳಬೇಡಿ. ಹಾಲು, ಹಣ್ಣು ಬೆರೆತ ಸಪಾದ ರಾತ್ರಿ ಕಳೆದರೆ ಹುಳಿಯಾಗುತ್ತದೆ, ಅಂದೇ ಸಂಜೆ ನೆರೆಮನೆಗಳಿಗೆ ಮುಟ್ಟಿಸಿ.