ಡಿವಿಡಿ ಲೇಸರ್‌ಗೆ ಎಷ್ಟು ಮಿಲಿಆಂಪ್? ಒಂದು ಡಯೋಡ್ ಸುಟ್ಟ ಮೇಲೆ ಹಾಕಿದ ಲೆಕ್ಕ

ಮಾರ್ಚ್ 7

ಗುಜರಿ ಅಂಗಡಿಯಿಂದ ಇನ್ನೆರಡು ಕೆಟ್ಟ ಡಿವಿಡಿ ರೈಟರ್ ತಂದೆ. ಕಪ್ಪು ರಟ್ಟಿನ ಮೇಲೆ ಹೆಸರು ಸುಡುವ ಪುಟ್ಟ ಯಂತ್ರದ ಮೋಟರ್, ಆರ್ಡುಯಿನೊ (ಅದನ್ನು ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ಕೆಲಸವೆಲ್ಲ ಹೋದ ತಿಂಗಳೇ ಮುಗಿದಿತ್ತು. ಉಳಿದದ್ದು ಸುಡುವ ಲೇಸರ್ ಮಾತ್ರ, ಅದನ್ನು ಈ ರೈಟರ್‌ಗಳಿಂದಲೇ ಕಿತ್ತುಕೊಳ್ಳಬೇಕು.

ನನ್ನ ರೈಟರ್‌ಗಳಲ್ಲಿ ಎರಡೆರಡು ಲೇಸರ್ ಡಯೋಡ್ ಇದ್ದವು. ಒಂದು ಡಿವಿಡಿ ಬರೆಯುವ ಕೆಂಪು, ಸುಮಾರು 650 ನ್ಯಾನೊಮೀಟರ್. ಇನ್ನೊಂದು ಸಿಡಿ ಬರೆಯುವ ಇನ್ಫ್ರಾರೆಡ್, 780. ಈ ಎರಡನೆಯದು ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಅದಕ್ಕೇ ಅದರ ಭಯ ಜಾಸ್ತಿ. ಅದನ್ನು ಕಾಲು ಕತ್ತರಿಸಿ ಕಸಕ್ಕೆ ಹಾಕಿದೆ. ಕೆಂಪಿನ ಮೂರೂ ಕಾಲಿಗೆ ಸಣ್ಣ ತಾಮ್ರದ ಎಳೆ ಸುತ್ತಿ ಇಟ್ಟಿದ್ದೇನೆ. ಕೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್‌ ಒಂದೇ ಸಾಕು ಇದನ್ನು ಕೊಲ್ಲಲು.

ಡಯೋಡ್ ಮೈಮೇಲೆ ನಂಬರ್ ಇಲ್ಲ, ಎಷ್ಟು ಕರೆಂಟ್ ತಡೆಯುತ್ತದೆ ಅಂತ ಹೇಳುವ ಡೇಟಾಶೀಟ್ ಇಲ್ಲ. ಕೇಳಿದರೆ ಒಬ್ಬರು 200 ಮಿಲಿಆಂಪ್ ಅಂತಾರೆ, ಒಬ್ಬರು ಧೈರ್ಯವಾಗಿ 250 ಕೊಡಿ ಅಂತಾರೆ. ಕೊಟ್ಟ ಡಯೋಡ್ ಎಷ್ಟು ಗಂಟೆ ಬದುಕಿತು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಡ್ರೈವ್ ಒಳಗೆ ಬರೆಯುವಾಗ ಇದು ಪಲ್ಸ್‌ನಲ್ಲಿ ಉರಿಯುತ್ತದೆ. ನಾನು ಕೊಡುವುದು ಬಿಡುವಿಲ್ಲದ ಕರೆಂಟ್. ಎರಡೂ ಒಂದೇ ಅಲ್ಲ ಅಲ್ವಾ?

ಮಾರ್ಚ್ 8

ಲೇಸರ್‌ಗೆ ಕರೆಂಟ್ ಕೊಡುವ ಡ್ರೈವರ್‌ಗೆ ಎಲ್‌ಎಂ317, ಮೂರು ಕಾಲಿನ ರೆಗ್ಯುಲೇಟರ್ ಚಿಪ್. ಇದರ ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲಿನ ನಡುವೆ ಯಾವಾಗಲೂ 1.25 ವೋಲ್ಟ್ ಇರುತ್ತದೆ. ಅಲ್ಲೊಂದು ರೆಸಿಸ್ಟರ್ ಇಟ್ಟು, ಅಡ್ಜಸ್ಟ್ ಕಡೆಯಿಂದ ಡಯೋಡ್‌ಗೆ ಕೊಟ್ಟರೆ ಕರೆಂಟ್ ಕಟ್ಟುಹಾಕಿದಂತೆ. 1.25 ಅನ್ನು ಓಮ್‌ನಿಂದ ಭಾಗಿಸಿದರೆ ಆಂಪ್, ಅಷ್ಟೇ ಲೆಕ್ಕ. 10 ಓಮ್ ಹಾಕಿದರೆ 125 ಮಿಲಿಆಂಪ್. ಡಯೋಡ್ ಸುಮಾರು 2.5 ವೋಲ್ಟ್ ತಿನ್ನುತ್ತದೆ, 317ಕ್ಕೆ ಉಸಿರಾಡಲು ಇನ್ನಷ್ಟು ಬೇಕು, ಹಾಗಾಗಿ 9 ವೋಲ್ಟ್ ಅಡಾಪ್ಟರ್.

ಮೊದಲು ಡಮ್ಮಿ ಲೋಡ್, ಲೇಸರ್ ಬದಲು ಪರೀಕ್ಷೆಗೆ ಇಡುವುದು. 1ಎನ್4007 ಡಯೋಡ್ ಮೂರು ಸಾಲಾಗಿ, ಜೊತೆಗೆ 1 ಓಮ್. ಆ ಒಂದು ಓಮ್ ಮೇಲೆ ಎಷ್ಟು ಮಿಲಿವೋಲ್ಟ್ ಬರುತ್ತದೋ ಅಷ್ಟೇ ಮಿಲಿಆಂಪ್. 123 ಬಂತು. ಖುಷಿಯಾಯಿತು.

ಖುಷಿಯಲ್ಲೇ ಎಡವಿದೆ. ಸಪ್ಲೈ ಆಫ್ ಮಾಡದೆ ಡಮ್ಮಿ ಲೋಡ್ ಕಿತ್ತು, ಆ ಜಾಗಕ್ಕೆ ಲೇಸರ್ ಸಿಕ್ಕಿಸಿದೆ. ಪಟ್ ಅಂತ ಸದ್ದೂ ಇಲ್ಲ, ಹೊಗೆಯೂ ಇಲ್ಲ. ಗೋಡೆ ಮೇಲೆ ಚುಕ್ಕಿ ಬೀಳುವ ಬದಲು ಮಂಕು ಕೆಂಪು ಬೆಳಕು ಹರಡಿಕೊಂಡಿತು. ಮಗಳು ಬಂದು ನೋಡಿ, "ಅಪ್ಪಾ, ಇದು ಸೈಕಲ್ ಹಿಂದಿನ ಲೈಟ್ ಥರ ಇದೆ" ಅಂದಳು. ಸರಿಯಾಗಿಯೇ ಹೇಳಿದಳು. ಲೇಸರ್ ಹೋಗಿ ಎಲ್‌ಇಡಿ ಆಗಿತ್ತು.

ರಾತ್ರಿ ಕೂತು ಯೋಚಿಸಿದಾಗ ಗೊತ್ತಾಯಿತು. ಲೋಡ್ ಕಿತ್ತಾಗ 317 ತನ್ನ ಕರೆಂಟ್ ತಳ್ಳಲು ಜಾಗ ಸಿಗದೆ ವೋಲ್ಟೇಜ್ ಏರಿಸುತ್ತಾ ಹೋಗಿದೆ. ಲೇಸರ್‌ಗೆ ಒಳ್ಳೆಯದಾಗಲಿ ಅಂತ ನಾನೇ ಅಡ್ಡಲಾಗಿ ಹಾಕಿದ್ದ 47 ಮೈಕ್ರೊಫ್ಯಾರಡ್ ಕೆಪಾಸಿಟರ್ ಏಳು ವೋಲ್ಟ್ ಸುಮಾರಿಗೆ ತುಂಬಿಕೊಂಡು ಕಾದು ಕೂತಿದೆ. ಸಿಕ್ಕಿಸಿದ ಕ್ಷಣದಲ್ಲಿ ಅದೆಲ್ಲ ಡಯೋಡ್ ಒಳಗೆ ಸುರಿದಿದೆ. ಡಯೋಡ್‌ನ ತುದಿಯ ಕನ್ನಡಿಯಂಥ ಮುಖ ಕರಗಲು ಅಷ್ಟು ಹೊತ್ತೂ ಬೇಡ. ನಾನು ಆರಿಸಿದ 125 ಮಿಲಿಆಂಪ್ ತಪ್ಪಿರಲಿಲ್ಲ. ಆ ಒಂದು ಕ್ಷಣ ಹರಿದದ್ದು 125 ಆಗಿರಲಿಲ್ಲ.

ಕರೆಂಟ್ ಬದಲಿಸಲು ಪಾಟ್, ಅಂದರೆ ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್, ಹಾಕೋಣ ಅಂತಿದ್ದೆ. ಬಿಟ್ಟೆ. ಅದರ ಒಳಗಿನ ಮುಳ್ಳು ಒಂದು ಕ್ಷಣ ಜಿಗಿದರೂ ಇದೇ ಕಥೆ.

ಮಾರ್ಚ್ 15

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಒಂದು ವ್ಯಾಟಿನ ರೆಸಿಸ್ಟರ್‌ಗಳು, ಬಿಪಿಡಬ್ಲ್ಯು34 ಫೋಟೊಡಯೋಡ್ (ಬೆಳಕು ಬಿದ್ದಷ್ಟೂ ಕರೆಂಟ್ ಕೊಡುವುದು), ಲೇಸರ್ ಕೂರಿಸಲು ಅಲ್ಯೂಮಿನಿಯಂ ಹೌಸಿಂಗ್ ತಂದೆ. ಕನ್ನಡಕ ಮೊದಲೇ ಇತ್ತು, 650 ನ್ಯಾನೊಮೀಟರ್‌ಗೆಂದೇ ಮಾಡಿದ್ದು. ಹಸಿರು ಲೇಸರ್‌ಗೆ ಕೊಡುವ ಕಿತ್ತಳೆ ಬಣ್ಣದ್ದು ಇಲ್ಲಿ ಏನೂ ಪ್ರಯೋಜನವಿಲ್ಲ, ಕೆಂಪನ್ನು ಹಾಗೇ ಒಳಗೆ ಬಿಡುತ್ತದೆ. 5ರಿಂದ 500 ಮಿಲಿವ್ಯಾಟ್‌ವರೆಗಿನದು ಲೇಸರ್ ಅಪಾಯದ ಪಟ್ಟಿಯಲ್ಲಿ ಕ್ಲಾಸ್ 3ಬಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕಣ್ಣಿನ ಕೆಲಸ ಮುಗಿದಿರುತ್ತದೆ. ಕೋಣೆ ಬಾಗಿಲಿಗೆ ಚಿಲಕ ಹಾಕಿಯೇ ಕೂತೆ.

ಪವರ್ ಮೀಟರ್ ಕೊಳ್ಳುವಷ್ಟು ದುಡ್ಡಿಲ್ಲ. ಚಪ್ಪಲಿ ಡಬ್ಬದ ಒಂದು ತುದಿಯಲ್ಲಿ ಉಳಿದಿದ್ದ ಇನ್ನೊಂದು ಕೆಂಪು ಲೇಸರ್, ಇನ್ನೊಂದು ತುದಿಯಲ್ಲಿ ಬಿಳಿ ಹಾಳೆ. ಹಾಳೆಯಿಂದ ಚದುರಿದ ಬೆಳಕನ್ನು ಪಕ್ಕದಿಂದ ನೋಡುವ ಹಾಗೆ ಫೋಟೊಡಯೋಡ್. ಅದರ ಕರೆಂಟನ್ನು ಒಂದು ರೆಸಿಸ್ಟರ್ ಮೇಲೆ ಹರಿಸಿ ಮಿಲಿವೋಲ್ಟ್ ಓದಿದೆ. ಎಷ್ಟು ಮಿಲಿವ್ಯಾಟ್ ಅಂತ ಇದು ಹೇಳುವುದಿಲ್ಲ. ಬೆಳಕು ಯಾವ ಲೆಕ್ಕದಲ್ಲಿ ಏರುತ್ತಿದೆ ಅಂತ ಹೇಳುತ್ತದೆ, ನನಗೆ ಬೇಕಾದದ್ದೂ ಅಷ್ಟೇ.

ಪ್ರತಿ ಸಲ ಸಪ್ಲೈ ಆಫ್, ಕೆಪಾಸಿಟರ್ ಶಾರ್ಟ್, ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲೆಯೇ ರೆಸಿಸ್ಟರ್‌ಗೆ ಕೈ. ಬಂದದ್ದು ಇಷ್ಟು, ಓಮ್, ಕರೆಂಟ್, ಕೊನೆಗೆ ಫೋಟೊಡಯೋಡ್ ಮಿಲಿವೋಲ್ಟ್:

22 ಓಮ್, 57 ಮಿಲಿಆಂಪ್: 4
15 ಓಮ್, 83: 31
12 ಓಮ್, 104: 58
10 ಓಮ್, 125: 85
8.2 ಓಮ್, 152: 119
6.8 ಓಮ್, 184: 158
5.6 ಓಮ್, 223: 196

57ರಲ್ಲಿ ಇನ್ನೂ ಎಲ್‌ಇಡಿ ಬೆಳಕು. ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ಹಿಂದಕ್ಕೆ ಓಡಿಸಿದರೆ 59ರ ಹತ್ತಿರ ನೆಲ ಮುಟ್ಟುತ್ತದೆ. ಅದೇ ಇದರ ಥ್ರೆಶೋಲ್ಡ್, ನಿಜವಾದ ಲೇಸರ್ ಬೆಳಕು ಶುರುವಾಗುವ ಕರೆಂಟ್. ಅಲ್ಲಿಂದ ಮೇಲೆ ಒಂದೊಂದು ಮಿಲಿಆಂಪ್‌ಗೂ ಸುಮಾರು 1.3ರಂತೆ ಏರಿದೆ. 184ರ ಹೊತ್ತಿಗೆ 1.2. ಅದರಾಚೆ 1ಕ್ಕೂ ಕಮ್ಮಿ. 223ರಲ್ಲಿ 196 ತೋರಿಸಿದ್ದು ಒಂದು ನಿಮಿಷದಲ್ಲಿ 181ಕ್ಕೆ ಇಳಿಯಿತು. ಹೌಸಿಂಗ್ ಮುಟ್ಟಿದರೆ ಬಿಸಿ. ತಕ್ಷಣ ಆಫ್ ಮಾಡಿದೆ.

ಬಿಸಿಯಾದರೆ ಥ್ರೆಶೋಲ್ಡ್ ಮೇಲಕ್ಕೆ ಹೋಗುತ್ತದೆ, ಅದೇ ಕರೆಂಟಿಗೆ ಬೆಳಕು ಕಮ್ಮಿ ಬರುತ್ತದೆ. ಬೆಳಕು ಕಮ್ಮಿಯಾಯಿತು ಅಂತ ಕರೆಂಟ್ ಏರಿಸಿದರೆ ಇನ್ನೂ ಬಿಸಿ. 250 ಕೊಡಿ ಅಂದವರ ಡಯೋಡ್‌ಗಳು ಈ ಗಾಣದಲ್ಲೇ ಸಿಕ್ಕಿರಬೇಕು ಅಂತ ನನ್ನ ಅನುಮಾನ.

ಮಾರ್ಚ್ 21

184ಕ್ಕೋ 152ಕ್ಕೋ ಅಂತ ವಾರವೆಲ್ಲ ತಲೆ ಕೆಡಿಸಿಕೊಂಡೆ. 184ರಲ್ಲಿ ಮೂರನೇ ಒಂದು ಭಾಗ ಜಾಸ್ತಿ ಬೆಳಕು ಸಿಗುತ್ತದೆ, ಸಣ್ಣ ಆಸೆಯಲ್ಲ. ಆದರೆ ಗೆರೆ ಬಾಗಲು ಶುರುವಾಗುವುದು ಅಲ್ಲೇ, ಅದೂ ಈಗಿನ ಹವೆಯಲ್ಲಿ. ಏಪ್ರಿಲ್ ಸೆಕೆಯಲ್ಲಿ ಅದು ಇನ್ನೂ ಕೆಳಕ್ಕೆ ಬರುತ್ತದೆ. 152ಕ್ಕೆ ಇಟ್ಟು ಮೋಟರನ್ನು ನಿಧಾನ ಓಡಿಸಿದರೆ ನಾಲ್ಕು ನಿಮಿಷದ ಕೆಲಸ ಐದೂಕಾಲು ನಿಮಿಷ ಆಗುತ್ತದೆ. ಆಗಲಿ, ನನಗೇನು ರೈಲು ಹಿಡಿಯಬೇಕಾ?

8.2 ಓಮ್ ಸೋಲ್ಡರ್ ಮಾಡಿಬಿಟ್ಟೆ. ಡಮ್ಮಿ ಲೋಡ್‌ನಲ್ಲಿ 149 ಬಂತು. ಲೇಸರ್ ತಂತಿಗಳನ್ನೂ ಸೋಲ್ಡರ್ ಮಾಡಿದೆ, ಕನೆಕ್ಟರ್ ಇಟ್ಟರೆ ನನ್ನ ಕೈ ಸುಮ್ನಿರುವುದಿಲ್ಲ.

ಮಾರ್ಚ್ 29

ಮಗಳ ಹೆಸರು ಕಪ್ಪು ರಟ್ಟಿನ ಮೇಲೆ ಸುಟ್ಟೆ. ಒತ್ತಕ್ಷರದ ಹತ್ತಿರ ಗೆರೆ ಸ್ವಲ್ಪ ದಪ್ಪ ಬಂದಿದೆ, ತಿರುವಿನಲ್ಲಿ ಮೋಟರ್ ತಡವರಿಸಿದ್ದಕ್ಕೆ. ಹೌಸಿಂಗ್ ಬೆಚ್ಚಗಿತ್ತು, ಬಿಸಿಯಲ್ಲ. ಈವರೆಗೆ ಎರಡು ಗಂಟೆ ಓಡಿದೆ. ಅದೇ ಚಪ್ಪಲಿ ಡಬ್ಬದಲ್ಲಿಟ್ಟು ಮತ್ತೆ ಓದಿದೆ: 118, ಮೊದಲು 119 ಇತ್ತು. ಹೌಸಿಂಗ್ ಮೇಲೆ ಪೇಪರ್ ಟೇಪ್ ಅಂಟಿಸಿ ತಾರೀಕು, 118 ಎರಡನ್ನೂ ಬರೆದಿದ್ದೇನೆ. ಮುಂದಿನ ಓದು ಹತ್ತು ಗಂಟೆ ಆದ ಮೇಲೆ.