ಕುಕ್ಕರ್ ಎಷ್ಟು ಸಲ ಕೂಗಿತು?

ನಮ್ಮಮ್ಮ ಬೇಳೆಗೆ ಕುಕ್ಕರ್ ಇಟ್ಟಾಗ ಪಕ್ಕದಲ್ಲಿ ನಾಲ್ಕು ಹುಣಸೆಬೀಜ ಇಟ್ಟುಕೊಳ್ಳುತ್ತಾಳೆ. ಒಂದು ಸಲ ಕೂಗಿದರೆ ಒಂದು ಬೀಜ ಅತ್ತ ಸರಿಸುವುದು. ಅದೂ ಕೇಳಿ ಅಲ್ಲ, ವೇಟ್ ಮೇಲೆದ್ದು ಹಬೆ ಚಿಮ್ಮುವುದನ್ನು ನೋಡಿ. ಬೆಂಗಳೂರಿನ ಮುರುಗೇಶಪಾಳ್ಯದಲ್ಲಿ ಕಿವಿ ನಂಬಿಕೊಂಡು ಅಡುಗೆ ಮಾಡಿದರೆ ಬೇಳೆ ಒಂದೋ ಗಟ್ಟಿ, ಇಲ್ಲವೇ ಗಂಜಿ.

ಹಳೇ ಏರ್‌ಪೋರ್ಟ್ ರೋಡಿನ ಆಚೆಗೇ ವಿಮಾನ ಕಟ್ಟುವ ಎಚ್‌ಎಎಲ್ ಕಾರ್ಖಾನೆಯ ರನ್‌ವೇ. ಅದು ಪೂರ್ವ-ಪಶ್ಚಿಮಕ್ಕೆ ಮಲಗಿದೆ, ನಾವಿರುವುದು ಪಶ್ಚಿಮದ ತುದಿಗೆ. ವಿಮಾನ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಹಾಗಾಗಿ ಆಷಾಢದ ಗಾಳಿ ಪಶ್ಚಿಮದಿಂದ ಬೀಸತೊಡಗಿತೆಂದರೆ ವಿಮಾನಗಳು ನಮ್ಮ ಕಡೆಗೇ ಏಳುತ್ತವೆ. ಸಂಕ್ರಾಂತಿ ಹೊತ್ತಿಗೆ ಗಾಳಿ ತಿರುಗಿರುತ್ತದೆ, ಆಗ ನಮ್ಮ ಕಡೆಯಿಂದ ಇಳಿಯುತ್ತವೆ. ಇಳಿಯುವ ಸದ್ದು ಸಣ್ಣಗೆ, ಸಿಳ್ಳೆ ಹೊಡೆದ ಹಾಗೆ. ಏಳುವುದು ಮಾತ್ರ ಎದೆಯೊಳಗೇ ಗುಡುಗಿದಂತೆ. 'ಆಷಾಢ ಬಂತು, ಇನ್ನು ಫೋನ್ ಎಲ್ಲಾ ರಾತ್ರಿ ಮಾಡ್ರಪ್ಪ' ಅಂತ ಅಮ್ಮ ಊರಿನವರಿಗೆಲ್ಲ ಹೇಳಿಬಿಡುತ್ತಿದ್ದಳು.

ಯುದ್ಧವಿಮಾನ ಎದ್ದರಂತೂ ಸ್ಟ್ಯಾಂಡಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ, ಬೀದಿಯಲ್ಲಿ ನಿಂತ ಕಾರುಗಳು ಒಟ್ಟಿಗೆ ಕುಯ್ಯೋ ಮರ್ರೋ ಅನ್ನುತ್ತವೆ. ನಾವು ಮಾತ್ರ ಅರ್ಧ ಮಾತಿಗೆ ನಿಲ್ಲಿಸಿ, ಅದು ಹೋದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತೇವೆ. ಮದುವೆಯಾದ ಹೊಸದರಲ್ಲಿ ತಿಪಟೂರಿನ ತೋಟದ ಮನೆಯಲ್ಲಿ ನನ್ನ ಅತ್ತೆ ಕೇಳಿದ್ದರು: 'ಯಾಕಮ್ಮಾ ಹಿಂಗ್ ಕೂಗ್ತೀಯ, ನಾನೇನ್ ಕಿವುಡೀನಾ?' ಜೋರಾಗಿ ಮಾತಾಡುತ್ತೇನೆಂದು ನನಗೆ ಗೊತ್ತಾಗಿದ್ದೇ ಆವತ್ತು.

ಅಮ್ಮನಿಗೆ ಸದ್ದಿನ ಮೇಲೆ ಅಷ್ಟೇನೂ ಕೋಪವಿಲ್ಲ. ಸದ್ದು ನಡುವೆ ನಿಂತರೆ ಅವಳ ಕೈಯೂ ನಿಲ್ಲುತ್ತದೆ. 1990ರ ಫೆಬ್ರವರಿ 14ರ ಮಧ್ಯಾಹ್ನ ಬಾಂಬೆಯಿಂದ ಬಂದ ಏರ್‌ಬಸ್ ಎ320 ರನ್‌ವೇ ಮುಟ್ಟುವ ಮೊದಲೇ ಪಕ್ಕದ ಗಾಲ್ಫ್ ಮೈದಾನಕ್ಕೆ ಬಿತ್ತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ಆವತ್ತಿನ ಹೊಗೆಯ ಬಗ್ಗೆ ಅಮ್ಮ ಇವತ್ತಿಗೂ ಪೂರ್ತಿಯಾಗಿ ಹೇಳಿಲ್ಲ.

2008ರ ಮೇ 24ಕ್ಕೆ ದೇವನಹಳ್ಳಿ ಏರ್‌ಪೋರ್ಟ್ ಶುರುವಾಯಿತು, ಪ್ರಯಾಣಿಕರ ವಿಮಾನಗಳೆಲ್ಲ ಅಲ್ಲಿಗೆ ಹೋದವು. ಬೀದಿಯವರೆಲ್ಲ ಖುಷಿಪಟ್ಟರು. ನಮಗೆ ಒಂದು ವಾರ ನಿದ್ದೆ ಹತ್ತಲಿಲ್ಲ. ಮನೆ ಬಿಕೋ ಅನ್ನುತ್ತಿತ್ತು, ಫ್ಯಾನ್ ಕಿರುಗುಟ್ಟುತ್ತದೆ ಅಂತ ಮೊದಲ ಸಲ ಗೊತ್ತಾಯಿತು. ಈಗ ರಾತ್ರಿಗಳು ಸುಮಾರಾಗಿ ತಣ್ಣಗಿವೆ. ಹಗಲಿಗೆ ತೇಜಸ್, ಹಾಕ್, ಜಾಗ್ವಾರ್ ಜೆಟ್‌ಗಳು, ಧ್ರುವ ಹೆಲಿಕಾಪ್ಟರ್ ಇದ್ದೇ ಇವೆ.

ಮೊನ್ನೆ ಅಪ್ಪನ ಜೊತೆ ವಾದಕ್ಕಿಳಿದೆ. ವಿಮಾನದ ಸದ್ದು ರಾತ್ರಿಯ ಸರಾಸರಿಯಲ್ಲಿ 40 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿನವರಿಗೆ ಹೇಳಿದೆ ಅಂದೆ. ಅವರು ಪೇಪರ್ ಮಡಚದೆ 'ನಿಮ್ಮಮ್ಮನ ಮಿಕ್ಸಿ ಎಷ್ಟು?' ಅಂದರು. ಅಪ್ಪ ಎಚ್‌ಎಎಲ್‌ನ ಇಂಜಿನ್ ಡಿವಿಷನ್ನಿನಲ್ಲಿ ಫಿಟ್ಟರ್ ಆಗಿದ್ದವರು. ಜಾಗ್ವಾರಿನ ಆಡೂರ್ ಇಂಜಿನ್ ತಯಾರಾಗಿದ್ದು ಅವರ ಫ್ಯಾಕ್ಟ್ರಿಯಲ್ಲೇ. ನಮಗೆ ಗಲಾಟೆ ಅನ್ನಿಸುವುದು ಅವರಿಗೆ ಸ್ವಂತ ಮಗುವಿನ ಅಳು. ಸದ್ದಿನಲ್ಲೇ ಇದು ಯಾವುದು, ಇಂಜಿನ್ನಿಗೆ ಹೆಚ್ಚು ಬಲ ಕೊಡುವ ಆಫ್ಟರ್‌ಬರ್ನರ್ ಹಾಕಿದ್ದಾನೋ ಇಲ್ಲವೋ ಅಂತ ಹೇಳುತ್ತಿದ್ದರು. ಯಾವತ್ತೂ ತಪ್ಪುತ್ತಿರಲಿಲ್ಲ.

ಈಗ ಎಪ್ಪತ್ತೆಂಟು. ಕಿವಿ ಮಂದ. ಮೆಷಿನ್ ತಂದುಕೊಟ್ಟರೆ ಡ್ರಾಯರಿನಲ್ಲಿ ಇಟ್ಟಿದ್ದಾರೆ. ವಿಮಾನ ಬಂದರೆ ಎದ್ದು ಹೋಗಿ ಕಿಟಕಿಯ ಗಾಜಿಗೆ ಅಂಗೈ ಒತ್ತಿ ನಿಲ್ಲುತ್ತಾರೆ. ಗಾಜು ನಡುಗುವುದರಲ್ಲೇ ಗುರುತು ಹಿಡಿಯುತ್ತಾರಂತೆ.

ಇವತ್ತು ಬೆಳಗ್ಗೆಯೂ ಹಾಗೇ ನಿಂತಿದ್ದರು. 'ಜಾಗ್ವಾರ್' ಅಂದರು. ನಾನು ಬಾಲ್ಕನಿಗೆ ಓಡಿ ನೋಡಿದೆ. ತೆಂಗಿನ ಮರದ ಮೇಲೆ ತ್ರಿಕೋನದ ರೆಕ್ಕೆ ಓರೆಯಾಗಿ ಹೊರಳುತ್ತಿತ್ತು. ತೇಜಸ್.

'ಹೌದಾ?' ಅಂತ ಅಪ್ಪ ನನ್ನ ಮುಖ ನೋಡುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಎರಡನೆಯದು ಎದ್ದಿತು. ಅದು ಹೋಗುವ ತನಕ ಮೂವರೂ ಸುಮ್ಮನೆ ನಿಂತೆವು. ಆಮೇಲೆ ಅಡುಗೆಮನೆಯಿಂದ ಅಮ್ಮ: 'ಏ, ಬೀಜ ಇಡೋದೇ ಮರೆತೆ ಕಣೇ. ಎಷ್ಟು ಸಲ ಕೂಗ್ತು ನೋಡಿದ್ಯಾ?'