ವಾವು ಕಾಲುವೆಗಳ ಸೆಳವಿನಲ್ಲಿ ಕೊಕ್ಕೆಯ ಆಸರೆ

ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಿಂದ ದಕ್ಷಿಣಕ್ಕೆ ಸಫಾರಿ ದೋಣಿಯಲ್ಲಿ ಕೆಲವು ಗಂಟೆ ಸಾಗಿದರೆ ವಾವು ಹವಳ ದ್ವೀಪಸಮೂಹ ಸಿಗುತ್ತದೆ. ಆ ದೇಶದ ಆಡಳಿತ ವಿಭಾಗಗಳಲ್ಲಿ ಅತ್ಯಂತ ಕಡಿಮೆ ಜನರು ನೆಲೆಸಿರುವುದು ಇಲ್ಲಿ. ಫೆಲಿಧೂ, ಫುಲಿಧೂ, ರಕೀಧೂ ಮೊದಲಾಗಿ ಊರುಗಳು ಬೆರಳೆಣಿಕೆಯಷ್ಟು. ಆದರೆ ಡೈವಿಂಗ್ ಬಲ್ಲವರ ಬಾಯಲ್ಲಿ ಈ ಊರುಗಳಿಗಿಂತ ಹೆಚ್ಚಾಗಿ ಕೇಳಿಬರುವುದು ಪೂರ್ವದಂಚಿನ ಕಾಲುವೆಗಳ ಹೆಸರುಗಳು: ಮಿಯಾರು ಕಂಡು, ದೇವನ ಕಂಡು, ಫೊತ್ತೆಯೊ ಕಂಡು. (ಅಲ್ಲಿನ ದಿವೇಹಿ ಭಾಷೆಯಲ್ಲಿ ‘ಕಂಡು’ ಎಂದರೆ ಕಾಲುವೆ.) ನಾವು ಅಲ್ಲಿಗೆ ಹೋದದ್ದು ಫೆಬ್ರವರಿಯಲ್ಲಿ, ಆ ಕಾಲುವೆಗಳ ಬಾಯಲ್ಲಿ ಕೊಕ್ಕೆ ಹಾಕಿ ನಿಂತು ಶಾರ್ಕ್‌ಗಳನ್ನು ನೋಡಬೇಕೆಂಬ ಒಂದೇ ಉದ್ದೇಶದಿಂದ.

ಫೆಬ್ರವರಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ದ್ವೀಪಸಮೂಹವನ್ನು ಸುತ್ತುವರಿದ ಹವಳದ ಗೋಡೆಯಲ್ಲಿ ಅಲ್ಲಲ್ಲಿ ತೆರಪುಗಳಿದ್ದು (ಇವೇ ಆ ಕಾಲುವೆಗಳು), ಒಳಗಿನ ಹಿನ್ನೀರಿಗೂ ಹೊರಗಿನ ಮಹಾಸಾಗರಕ್ಕೂ ನಡುವೆ ನೀರು ಆ ತೆರಪುಗಳ ಮೂಲಕವೇ ಓಡಾಡಬೇಕು. ಉಬ್ಬರ ಇಳಿತಗಳ ಸೆಳವಿನ ಜೊತೆಗೆ ಮಾನ್ಸೂನಿನ ಸೆಳವೂ ಸೇರಿಕೊಳ್ಳುತ್ತದೆ. ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾನ್ಸೂನಿನ ತಿಂಗಳುಗಳಲ್ಲಿ ಸಾಗರದ ನೀರು ಪಶ್ಚಿಮದಿಂದ ಪೂರ್ವಕ್ಕೆ ಹರಿದರೆ, ಸುಮಾರು ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಈಶಾನ್ಯ ಮಾನ್ಸೂನಿನಲ್ಲಿ ದಿಕ್ಕು ತಿರುಗಿ, ಪೂರ್ವದಂಚಿನ ಕಾಲುವೆಗಳಿಗೆ ಹೊರಗಿನ ತಿಳಿನೀರು ನುಗ್ಗುತ್ತದೆ. ಆಗ ಬೂದುಬಣ್ಣದ ರೀಫ್ ಶಾರ್ಕ್‌ಗಳು ಕಾಲುವೆಯ ಬಾಯಿಗೆ ಬಂದು, ಎದುರಿನಿಂದ ಬರುವ ನೀರಿಗೆ ಮುಖ ಮಾಡಿ, ಬಾಲವನ್ನು ಅಲ್ಲಾಡಿಸಿಯೂ ಅಲ್ಲಾಡಿಸದಂತೆ ತೇಲುತ್ತಾ ನಿಲ್ಲುತ್ತವೆ.

ಶಾರ್ಕ್‌ಗೆ ಸುಲಭವಾದದ್ದು ಮನುಷ್ಯನಿಗೆ ಅಸಾಧ್ಯ. ನೀರಿನ ವೇಗ ಎರಡು ಪಟ್ಟಾದರೆ ಅದು ಮೈಮೇಲೆ ಹೇರುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ ಎರಡು ಕಿಲೋಮೀಟರಿನಷ್ಟು ವೇಗದ, ದಡದಲ್ಲಿ ನಿಂತವರಿಗೆ ತೀರಾ ನಿಧಾನವೆನಿಸುವ ಸೆಳವಿನ ಎದುರಿಗೂ, ಸಿಲಿಂಡರ್ ಹೊತ್ತ ಡೈವರ್ ಈಜುರೆಕ್ಕೆ ಬಡಿಯುತ್ತಾ ಕೆಲವು ನಿಮಿಷಗಳಿಗಿಂತ ಹೆಚ್ಚು ಕಾಲ ನಿಲ್ಲಲಾರ. ಮೇಲಾಗಿ 30 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ನಾಲ್ಕರಷ್ಟಿರುವುದರಿಂದ ಒಂದೊಂದು ಉಸಿರಿಗೂ ನಾಲ್ಕು ಪಟ್ಟು ಗಾಳಿ ಖರ್ಚಾಗುತ್ತದೆ. ಏದುಸಿರು ಬಿಡುತ್ತಾ ಈಜಿದರಂತೂ ಸಿಲಿಂಡರ್ ಕಣ್ಣೆದುರೇ ಬರಿದಾಗುತ್ತದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಸುತ್ತಲಿನ ಕಡಿಮೆ ಆಳದ ನೀರಿನಲ್ಲಿ ಡೈವಿಂಗ್ ಕಲಿತ ನಮ್ಮಂಥವರಿಗೆ ಈ ಲೆಕ್ಕಾಚಾರ ಹೊಸದಾಗಿತ್ತು.

ಇದಕ್ಕೆ ಡೈವರ್‌ಗಳು ಕಂಡುಕೊಂಡಿರುವ ಉಪಾಯವೇ ರೀಫ್ ಹುಕ್. ತುಕ್ಕು ಹಿಡಿಯದ ಉಕ್ಕಿನ, ಅಂಗೈಯಗಲದ ಒಂದು ಕೊಕ್ಕೆ. ಅದಕ್ಕೆ ಒಂದೂವರೆ ಎರಡು ಮೀಟರ್ ಉದ್ದದ ನೈಲಾನ್ ಹಗ್ಗ. ಹಗ್ಗದ ಇನ್ನೊಂದು ತುದಿಯಲ್ಲಿ ಒಂದೇ ಕೈಯಿಂದ ಬಿಚ್ಚಬಹುದಾದ ಕ್ಲಿಪ್, ಅಷ್ಟೆ. ಪಲಾವ್ ದೇಶದ ಬ್ಲೂ ಕಾರ್ನರ್ ಎಂಬಲ್ಲಿ ಇದರ ಬಳಕೆ ಹೆಸರುವಾಸಿ. ಮಾಲ್ಡೀವ್ಸ್‌ನ ಕಾಲುವೆಗಳಲ್ಲಿಯೂ ಈಗ ಇದು ರೂಢಿಯಲ್ಲಿದೆ. ನಮ್ಮ ಜೊತೆಗಿದ್ದ ಕುಂದಾಪುರದ ಗೆಳೆಯರು ಚಿಕ್ಕಂದಿನಿಂದ ಗಾಳ ಹಾಕಿ ಬೆಳೆದವರು. ಕೊಕ್ಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, “ಇದರಲ್ಲಿ ಮುಳ್ಳೇ ಇಲ್ವಲ್ಲ ಮಾರಾಯ್ರೆ, ನಿಂತೀತಾ?” ಎಂದು ಕೇಳಿದರು. ಮುಳ್ಳಿಲ್ಲದಿರುವುದೇ ಇದರ ಗುಣ. ಹಗ್ಗ ಬಿಗಿಯಾಗಿರುವವರೆಗೆ ಕೊಕ್ಕೆ ಕಚ್ಚಿಕೊಂಡಿರುತ್ತದೆ, ಸಡಿಲವಾದೊಡನೆ ಕಳಚಿಕೊಳ್ಳುತ್ತದೆ.

ದೋಣಿಯ ಮೇಲಿನ ಪಾಠದಲ್ಲಿ ನಮ್ಮ ಗೈಡ್, ಅದೇ ದ್ವೀಪಗಳಲ್ಲಿ ಹುಟ್ಟಿ ಬೆಳೆದ ಮಿತಭಾಷಿ ಯುವಕ, ಒಂದು ಮಾತನ್ನು ಮತ್ತೆ ಮತ್ತೆ ಹೇಳಿದ: “ಮೊದಲು ಜಾಕೆಟಿನ ಗಾಳಿ ಬಿಡಿ, ಆಮೇಲೆ ಕೊಕ್ಕೆ ಬಿಡಿಸಿ.” ಕೊಕ್ಕೆ ಹಾಕಿದ ಮೇಲೆ ತೇಲುಜಾಕೆಟಿಗೆ ತುಸು ಗಾಳಿ ತುಂಬಿಸಿಕೊಂಡರೆ ದೇಹ ಬಂಡೆಯಿಂದ ಮೇಲೆದ್ದು, ದಾರಕ್ಕೆ ಕಟ್ಟಿದ ಗಾಳಿಪಟದಂತೆ ಹಗ್ಗದ ತುದಿಯಲ್ಲಿ ನಿಲ್ಲುತ್ತದೆ. ಆ ಗಾಳಿಯನ್ನು ಹೊರಬಿಡದೆ ಕೊಕ್ಕೆ ಬಿಡಿಸಿದರೆ ಡೈವರ್ ತಡೆಯಿಲ್ಲದೆ ಮೇಲಕ್ಕೆ ಚಿಮ್ಮುತ್ತಾನೆ. ಅಂಥ ಏರುವಿಕೆಯಲ್ಲಿ ಶ್ವಾಸಕೋಶಕ್ಕೂ ರಕ್ತದಲ್ಲಿ ಕರಗಿರುವ ಸಾರಜನಕದಿಂದ ನರಗಳಿಗೂ ಆಗಬಹುದಾದ ಹಾನಿ ಸಾಮಾನ್ಯವಾದದ್ದಲ್ಲ. ಕೊಕ್ಕೆ ಬಂಡೆಯಲ್ಲಿ ಸಿಕ್ಕಿಕೊಂಡು ಬರದಿದ್ದರೆ ಅದರೊಡನೆ ಸೆಣಸದೆ, ಎದೆಯ ಬಳಿಯ ಕ್ಲಿಪ್ ಬಿಚ್ಚಿ, ಕೊಕ್ಕೆಯನ್ನು ಅಲ್ಲಿಯೇ ಬಿಟ್ಟು ಹೊರಡಬೇಕು.

ಮಿಯಾರು ಕಂಡುವಿನ ಹೊರಬದಿಗೆ ದೋಣಿ ತಲುಪಿದಾಗ ಗೈಡ್ ಮೊದಲು ತಾನೊಬ್ಬನೇ ಮುಖವಾಡ ಧರಿಸಿ ನೀರಿಗಿಳಿದು, ತಲೆ ತಗ್ಗಿಸಿ ಕೆಳಗಿನ ಮೀನುಗಳು ಯಾವ ಕಡೆ ಮುಖ ಮಾಡಿವೆ ಎಂಬುದನ್ನು ನೋಡಿದ. ಮೀನುಗಳು ಸೆಳವಿಗೆ ಎದುರಾಗಿ ನಿಲ್ಲುತ್ತವೆ. ಸಾಗರದತ್ತ ಮುಖ ಮಾಡಿದ್ದರೆ ನೀರು ಒಳಬರುತ್ತಿದೆ ಎಂದು ಅರ್ಥ. ಹೊರಹರಿವಿನ ಹೊತ್ತಿನಲ್ಲಿ ಇಳಿದವರನ್ನು ಸೆಳವು ತೆರೆದ ಸಾಗರಕ್ಕೆ ಒಯ್ಯುವುದರಿಂದ ಈ ಪರೀಕ್ಷೆಯಲ್ಲಿ ಅವಸರ ಸಲ್ಲದು. ಆತ ಕೈ ಎತ್ತಿದ ಮೇಲೆ ನಾವೆಲ್ಲ ಒಟ್ಟಿಗೆ ಇಳಿದು, ಜಾಕೆಟಿನಲ್ಲಿ ಗಾಳಿಯನ್ನೇ ಉಳಿಸಿಕೊಳ್ಳದೆ ನೇರವಾಗಿ ಕಾಲುವೆಯ ಅಂಚಿನ ಕಡೆಗೆ ಮುಳುಗಿದೆವು.

ಅಂಚು ಸುಮಾರು 28 ಮೀಟರ್ ಆಳದಲ್ಲಿತ್ತು. ಮನರಂಜನೆಯ ಡೈವಿಂಗ್‌ಗೆ ಮಾಲ್ಡೀವ್ಸ್ ವಿಧಿಸಿರುವ ಮಿತಿ 30 ಮೀಟರ್. ಒಂದು ಕಡೆ ಕಡುನೀಲಿಗೆ ಇಳಿದುಹೋಗುವ ಗೋಡೆ, ಇನ್ನೊಂದು ಕಡೆ ಕಾಲುವೆಯ ಮರಳು ಹಾಸು, ನಡುವೆ ಒರಟು ಬಂಡೆಯ ಒಂದು ಪಟ್ಟಿ. ಕೊಕ್ಕೆ ಎಲ್ಲಿ ಹಾಕಬೇಕೆಂಬುದನ್ನು ಆಗ ನೋಡಬೇಕು. ಬಣ್ಣವಿರುವ, ಸಣ್ಣ ಸಣ್ಣ ಕುಳಿಗಳಿರುವ, ಕವಲೊಡೆದ ಯಾವುದೂ ಆಗದು, ಅದು ಜೀವಂತ ಹವಳ. ಬಂಡೆಯಂತೆ ದುಂಡಗೆ ಬೆಳೆಯುವ ಹವಳಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತವೆ. ಒಂದು ಕೊಕ್ಕೆಯ ಎಳೆತ ಹಲವು ವರ್ಷಗಳ ಬೆಳವಣಿಗೆಯನ್ನು ಕಿತ್ತುಹಾಕಬಲ್ಲದು. 1998ರಲ್ಲಿ ಮತ್ತು 2016ರಲ್ಲಿ ಸಾಗರ ಬಿಸಿಯೇರಿ ಇಲ್ಲಿನ ಹವಳಗಳು ಬಿಳಿಚಿಕೊಂಡು ಅಪಾರವಾಗಿ ಸತ್ತಿರುವಾಗ, ಉಳಿದವುಗಳ ಮೇಲೆ ಪ್ರವಾಸಿಗರ ಕೈಯಿಂದ ಒಂದು ಗೀರು ಬೀಳುವುದೂ ಹೆಚ್ಚೇ ಎಂಬುದು ನನ್ನ ಖಚಿತ ಅಭಿಪ್ರಾಯ. ಬೋಳು ಬಂಡೆಯ ಸೀಳೊಂದನ್ನು ಹುಡುಕಿ ಕೊಕ್ಕೆಯ ತುದಿಯನ್ನು ಕೈಯಿಂದಲೇ ಅದರೊಳಗೆ ಇಟ್ಟು, ಮೆಲ್ಲಗೆ ಹಿಂದಕ್ಕೆ ಸರಿದೆ. ಹಗ್ಗ ಬಿಗಿಯಿತು.

ಅಷ್ಟು ಹೊತ್ತು ಕಾಲುಗಳು ಮಾಡುತ್ತಿದ್ದ ಕೆಲಸ ಒಮ್ಮೆಲೇ ನಿಂತುಹೋಯಿತು. ಉಸಿರು ತಾನಾಗಿ ನಿಧಾನವಾಯಿತು. ತಲೆಯನ್ನು ಪಕ್ಕಕ್ಕೆ ಹೊರಳಿಸಿದರೆ ನೀರು ಮುಖವಾಡದ ಅಂಚಿಗೆ ಬಡಿದು ಅದನ್ನು ಕಿತ್ತೊಯ್ಯುವಂತೆ ಅಲುಗಿಸುತ್ತಿದ್ದುದರಿಂದ ನೇರವಾಗಿ ಎದುರಿಗೆ ನೋಡುತ್ತಲೇ ಇರಬೇಕಾಗಿತ್ತು. ಬಿಟ್ಟ ಉಸಿರಿನ ಗುಳ್ಳೆಗಳು ಕಿವಿಯ ಪಕ್ಕದಿಂದ ಅಡ್ಡಡ್ಡವಾಗಿ ಹಿಂದಕ್ಕೆ ಓಡುತ್ತಿದ್ದವು. ಎದುರಿಗೆ ಶಾರ್ಕ್‌ಗಳಿದ್ದವು. ಹತ್ತಿರದ್ದು ನಾಲ್ಕೈದು ಮೀಟರ್ ದೂರದಲ್ಲಿರಬಹುದು: ಅರೆತೆರೆದ ಬಾಯಿ, ಒಂದೊಂದಾಗಿ ತೆರೆದು ಮುಚ್ಚುವ ಕಿವಿರಿನ ಸೀಳುಗಳು, ಬಾಲದ ಹಿಂಬದಿಗೆ ಬಳಿದ ಅಗಲವಾದ ಕಪ್ಪು ಅಂಚು. ನಾವು ಮಿಸುಕದೆ ನಿಂತಿದ್ದರಿಂದಲೋ ಏನೋ ಅದು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮುಂದೆ ಹೋಗಿ, ಹಿಂದಿರುಗಿ ಅದೇ ಜಾಗಕ್ಕೆ ಬಂದು ನಿಂತಿತು. ಈಗಲ್ ರೇಗಳು, ಅಂದರೆ ನಮ್ಮ ಕಡೆಯ ತೊರಕೆಯ ಬಳಗದವು, ರೆಕ್ಕೆ ಬಡಿಯುತ್ತಾ ಸಾಲಾಗಿ ಸೆಳವನ್ನು ಏರಿಹೋದವು. 2010ರಲ್ಲಿ ಮಾಲ್ಡೀವ್ಸ್ ದೇಶದಾದ್ಯಂತ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿತು. ಸತ್ತ ಶಾರ್ಕಿಗಿಂತ ಬದುಕಿರುವ ಶಾರ್ಕಿನಿಂದಲೇ ದೇಶಕ್ಕೆ ಆದಾಯ ಹೆಚ್ಚೆಂಬ ಅರಿವು ಅದರ ಹಿಂದಿತ್ತು. ಕಾರಣ ಹಣವೇ ಆಗಿರಲಿ, ಆ ನಿರ್ಧಾರದ ಬಗ್ಗೆ ನನಗೆ ಕೃತಜ್ಞತೆಯಿದೆ.

ಆ ಆಳದಲ್ಲಿ ಬಹಳ ಹೊತ್ತು ನಿಲ್ಲಲಾಗದು. ರಕ್ತದಲ್ಲಿ ಸಾರಜನಕ ಕರಗುತ್ತಲೇ ಹೋಗುವುದರಿಂದ, ಸಾಮಾನ್ಯ ಗಾಳಿ ಉಸಿರಾಡುವವರಿಗೆ 30 ಮೀಟರಿನಲ್ಲಿ ಸಿಗುವುದು ಸುಮಾರು 20 ನಿಮಿಷ ಮಾತ್ರ. ಆಮ್ಲಜನಕ ಶೇಕಡಾ 32ರಷ್ಟಿದ್ದು ಸಾರಜನಕ ಕಡಿಮೆಯಿರುವ ನೈಟ್ರಾಕ್ಸ್ ಎಂಬ ಮಿಶ್ರಣ ತುಂಬಿಸಿಕೊಂಡಿದ್ದ ನಮಗೆ ಇನ್ನೊಂದಿಷ್ಟು ಅವಕಾಶವಿತ್ತು. ಗೈಡ್ ಸನ್ನೆ ಮಾಡಿದಾಗ ಜಾಕೆಟಿನ ಗಾಳಿಯನ್ನೆಲ್ಲ ಬಿಟ್ಟು, ಹಗ್ಗ ಹಿಡಿದು ಕೈಮೇಲೆ ಕೈಯಿಟ್ಟು ಬಂಡೆಯವರೆಗೆ ಸಾಗಿ, ಕೊಕ್ಕೆ ತೆಗೆದೆವು. ಮರುಕ್ಷಣವೇ ನೀರು ನಮ್ಮನ್ನೆತ್ತಿಕೊಂಡು ಕಾಲುವೆಯೊಳಕ್ಕೆ ನಡೆಯಿತು. ಮೇಲೇರುವ ಮುನ್ನ 5 ಮೀಟರಿನಲ್ಲಿ ಕೊಂಚ ಕಾಯುವ ಸುರಕ್ಷತಾ ನಿಲುಗಡೆಯಲ್ಲಿ, ದೋಣಿಯವರಿಗೆ ಗುರುತಾಗಲೆಂದು ಕಿತ್ತಳೆ ಬಣ್ಣದ ಗಾಳಿಗೊಳವೆಯನ್ನು ಮೇಲಕ್ಕೆ ಬಿಟ್ಟು, ಒಳಗಿನ ಶಾಂತ ನೀರಿನಲ್ಲಿ ದೋಣಿ ಬರುವುದನ್ನು ಕಾದೆವು.

ದೋಣಿ ಹತ್ತಿದ ಮೇಲೆ ಗೈಡ್ ಎಲ್ಲರ ಕೊಕ್ಕೆಗಳನ್ನೂ ಕೇಳಿ ಪಡೆದು, ಒಂದೊಂದರ ತುದಿಯನ್ನೂ ಬೆಳಕಿಗೆ ಹಿಡಿದು ನೋಡಿದ. ಒಂದರ ಬಾಗಿನಲ್ಲಿ ಹಸಿ ಹವಳದ ಚೂರು ಅಂಟಿಕೊಂಡಿತ್ತು. ಆತ ಗದರಲಿಲ್ಲ, ಹೆಸರು ಹಿಡಿದು ಕೇಳಲೂ ಇಲ್ಲ. ಆದರೆ ಮಧ್ಯಾಹ್ನ ಫೊತ್ತೆಯೊ ಕಂಡುವಿಗೆ ಇಳಿಯುವ ಮುನ್ನ ಕೊಕ್ಕೆಗಳನ್ನು ಹಂಚುವಾಗ ಆ ಒಂದನ್ನು ಹಿಂದಕ್ಕೆ ಕೊಡದೆ, ಅದರ ಒಡೆಯನನ್ನು ತನ್ನ ಪಕ್ಕದಲ್ಲಿಯೇ ಇರಿಸಿಕೊಂಡು, ಗೋಡೆಯ ಮರೆಯಲ್ಲಿ ಹಳದಿ ಮೆದುಹವಳ ಜೋತಾಡುವ ಗುಹೆಗಳನ್ನು ತೋರಿಸಲು ಕರೆದುಕೊಂಡು ಹೋದ.